ಹಗಲು ಕಂಡ ಬೆಳ್ಳಿಚುಕ್ಕಿ

ನನ್ನ ಅಜ್ಜಿಯ ಮನೆಯಲ್ಲಿ ಗಡಿಯಾರವಿರಲಿಲ್ಲ. ಮೂಡಣದಲ್ಲಿ ಬೆಳ್ಳಿಚುಕ್ಕಿ ಕಂಡಿತೆಂದರೆ ಅವಳು ಏಳುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕೂತು ಒಂದು ಹಿಡಿ ಜೋಳ ಹಾಕಿ ಹಾಡು ಶುರು ಮಾಡಿದರೆ ನಮಗೆ ಅರೆನಿದ್ದೆಯಲ್ಲೂ ಬೆಳಗಾಗುತ್ತ ಬಂತೆಂದು ತಿಳಿಯುತ್ತಿತ್ತು. ಕೆಲವು ತಿಂಗಳು ಬೆಳ್ಳಿಚುಕ್ಕಿ ಕಾಣೆಯಾಗುವುದು. ಆಗ ಕೋಳಿಯ ಕೂಗೇ ಗತಿ. “ಎಲ್ಲಿಗೆ ಹೋತು ಅಜ್ಜಿ?” ಎಂದು ಕೇಳಿದರೆ, “ತವರಿಗೆ ಹೋಗೇತಿ. ಬರ್ತೈತಿ ಬಿಡು” ಎನ್ನುತ್ತಿದ್ದಳು.

ಅಜ್ಜಿ ತವರು ಎಂದದ್ದನ್ನು ಪಂಚಾಂಗದವರು ಶುಕ್ರ ಅಸ್ತ ಎನ್ನುತ್ತಾರೆ. ಸೂರ್ಯನ ಬೆಳಕಿನಲ್ಲಿ ಮುಳುಗಿದ ಶುಕ್ರ ಕಣ್ಣಿಗೆ ಬೀಳುವುದಿಲ್ಲ, ಮದುವೆ ಮುಂಜಿಗಳು ನಿಲ್ಲುತ್ತವೆ. ಹೀಗೆ ಮರೆಯಾದ ಬೆಳ್ಳಿಚುಕ್ಕಿ ಒಮ್ಮೊಮ್ಮೆ, ಬಹಳ ಅಪರೂಪಕ್ಕೆ, ನಟ್ಟನಡು ಹಗಲಿನಲ್ಲಿ ಸೂರ್ಯನ ಮುಖದ ಮೇಲೆಯೇ ಕರಿಚುಕ್ಕಿಯಾಗಿ ಹಾದುಹೋಗುತ್ತದೆಂದು ಅಜ್ಜಿಗೆ ಗೊತ್ತಿರಲಿಲ್ಲ. ಅದನ್ನು ನಾನು ಕಂಡದ್ದು 2004ರ ಜೂನ್ 8ರಂದು, ಮಂಗಳವಾರ. ಆ ದಿನದ ಮಾತು ಹೇಳುವುದಕ್ಕೆ ಮೊದಲು ಇನ್ನೊಂದು ದಿನದ ಮಾತು ಹೇಳಬೇಕು.

1980ರ ಫೆಬ್ರವರಿ 16. ನಾನು ಮದುವೆಯಾಗಿ ಗದಗಿನ ಕಡೆಯ ಈ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಅವತ್ತು ಪೂರ್ಣ ಸೂರ್ಯಗ್ರಹಣ. ಅದರ ನೆರಳಿನ ಹಾದಿ ಸರಿಯಾಗಿ ನಮ್ಮ ಸೀಮೆಯ ಮೇಲೆಯೇ ಇತ್ತು. ಅಂಕೋಲೆ, ಹುಬ್ಬಳ್ಳಿಯಿಂದ ರಾಯಚೂರಿನ ತನಕ ದೇಶವಿದೇಶದ ವಿಜ್ಞಾನಿಗಳು ಬಂದು ಬೀಡುಬಿಟ್ಟಿದ್ದರು. ಎಷ್ಟೋ ಸಾವಿರ ಮೈಲಿಯಿಂದ ಪೆಟ್ಟಿಗೆಗಟ್ಟಲೆ ಯಂತ್ರ ಹೊತ್ತು ತಂದದ್ದು ಎರಡು ನಿಮಿಷ ಚಿಲ್ಲರೆಯ ಕತ್ತಲನ್ನು ನೋಡುವುದಕ್ಕೆ.

ಅದೇ ಕತ್ತಲಿನ ಕೆಳಗೆ ನಾನು ಉಗ್ರಾಣದ ಕೋಣೆಯಲ್ಲಿ ಕೂತಿದ್ದೆ. ಕಿಟಕಿಗೆ ಗೋಣಿಚೀಲ ತುರುಕಿದ್ದರು. “ಒಳಗ ಇರವಾ. ಹೊರಗ ಹಣಿಕಿ ಹಾಕಬ್ಯಾಡ. ಸೂಜಿ, ಕುಡಗೋಲು ಮುಟ್ಟಬ್ಯಾಡ” ಎಂದು ಅತ್ತೆ ಬಾಗಿಲು ಎಳೆದುಕೊಂಡರು. ಗ್ರಹಣದ ಚಿತ್ರ ಬರೆದು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ ಬಿ.ಎಸ್ಸಿ. ಪದವೀಧರೆ ನಾನು! ಬಾಯಿ ಬಿಡಲಿಲ್ಲ. ಧೈರ್ಯವಿರಲಿಲ್ಲ ಎಂಬುದು ಅರ್ಧ ಮಾತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಒಂದು ವೇಳೆ ನಿಜವಾಗಿದ್ದರೆ?’ ಎಂದು ನಾನೂ ಅಂಜಿದ್ದೆ ಎಂಬುದು ಉಳಿದರ್ಧ.

ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಬೇವಿನ ಮರಕ್ಕೆ ಹಕ್ಕಿಗಳು ಗದ್ದಲ ಮಾಡುತ್ತ ಮರಳಿದ್ದು ಕೇಳಿಸಿತು. ಆಮೇಲೆ ಎಲ್ಲ ಗಪ್‌ಚಿಪ್ಪು. ಮತ್ತೆ ಸ್ವಲ್ಪ ಹೊತ್ತಿಗೆ ಕೋಳಿ ಕೂಗಿತು. ಜೀವಮಾನದಲ್ಲಿ ನನ್ನ ಮನೆಯ ಮೇಲೆಯೇ ಹಾದುಹೋದ ಒಂದೇ ಒಂದು ಪೂರ್ಣ ಗ್ರಹಣವನ್ನು ನಾನು ಹೀಗೆ ಕಿವಿಯಿಂದ ಕಂಡೆ.

ಆ ಕೋಣೆಯಲ್ಲಿ ನನ್ನ ಜೊತೆ ಕೂತಿದ್ದವರು ನನ್ನ ಗಂಡನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ತೊಡೆಯ ಮೇಲೆ ತಲೆಯಿಟ್ಟು ಏಳೆಂಟು ವರ್ಷದ ಮಗ ಮಲಗಿದ್ದ. ಅವನು ಹುಟ್ಟುವಾಗಲೇ ಸೀಳುತುಟಿ. ಅವನು ಹೊಟ್ಟೆಯಲ್ಲಿದ್ದಾಗ, ಏಳನೆಯ ತಿಂಗಳಲ್ಲಿ, ಒಂದು ಚಂದ್ರಗ್ರಹಣ ಬಂದಿತ್ತಂತೆ. ಗ್ರಹಣದ ಹೊತ್ತಿನಲ್ಲಿ ಇವಳು ಕುಂಬಳಕಾಯಿ ಹೆಚ್ಚಿದಳು ಎಂದು ಗಂಡನ ಮನೆಯಲ್ಲಿ ಯಾರೋ ಅಂದರು. ಒಬ್ಬರು ಅಂದದ್ದನ್ನು ಹತ್ತು ಮಂದಿ ಅಂದರು. ಬಾಣಂತನಕ್ಕೆ ತವರಿಗೆ ಬಂದವರನ್ನು ಮತ್ತೆ ಕರೆದೊಯ್ಯಲು ಯಾರೂ ಬರಲಿಲ್ಲ. ಮುಂದೆ ಹುಬ್ಬಳ್ಳಿಯಲ್ಲಿ ಹುಡುಗನ ತುಟಿಗೆ ಶಸ್ತ್ರಚಿಕಿತ್ಸೆಯಾಯಿತು, ಗೆರೆಯೊಂದು ಉಳಿಯಿತು. ಅಕ್ಕ ಮಾತ್ರ ಈ ಮನೆಯ ಒಳಕೋಣೆಯಲ್ಲಿಯೇ ಉಳಿದರು. ಈ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಕ್ಕನೂ ಎತ್ತಿದ್ದಿಲ್ಲ.

ಮೇ ತಿಂಗಳಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಕೂಸನ್ನು ಎತ್ತಿ ತೋರಿಸಿದಾಗ ನಾನು ಮೊದಲು ನೋಡಿದ್ದು ಅದರ ತುಟಿಯನ್ನು.

ಮುಂದೆ ನನಗೆ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ವರ್ಷಾವರ್ಷ ಗ್ರಹಣದ ಪಾಠ ಮಾಡಿದೆ. ಹಲಗೆಯ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದು, “ಇದು ಬರೀ ನೆರಳು, ಹೆದರಬೇಕಾದ್ದೇನಿಲ್ಲ” ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

2004ರ ಮೇ ಕೊನೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ಬೆಂಗಳೂರಿನಿಂದ ಬಂದಳು. ಏಳು ತುಂಬಿತ್ತು. ಕಂಪ್ಯೂಟರ್ ಕೆಲಸದವಳು. ಸುಮ್ಮನೆ ಕೂಡುವ ಜಾತಿಯಲ್ಲ. ಬಟ್ಟೆಬರೆಯ ಜೊತೆಗೆ ಒಂದು ಕಟ್ಟು ಕಾಗದವನ್ನೂ ತಂದಿದ್ದಳು. “ಅವ್ವಾ, ಶುಕ್ರ ಸೂರ್ಯನ ಮುಂದ ಹಾಯತೈತಿ. ನಿಮ್ಮ ಸಾಲಿ ಹೆಸರು ಬರಸೇನಿ. ನಿಮ್ಮ ಹುಡುಗ್ಯಾರು ಟೈಮ್ ನೋಡಿ ಕಳಸಬೇಕು” ಎಂದಳು. ಎಲ್ಲಿಗೆ ಎಂದು ಕೇಳಿದೆ. “ಯುರೋಪಿಗೆ” ಎಂದಳು, ಪಕ್ಕದ ಓಣಿಗೆ ಎಂಬಂತೆ.

ಆ ಕಾಗದಗಳನ್ನು ಓದುತ್ತ ಹೋದಂತೆ ನನಗೆ ಆಶ್ಚರ್ಯವೇ ಆಯಿತು. ಜರ್ಮನಿಯ ಮ್ಯೂನಿಕ್ ಬಳಿ ಕಚೇರಿ, ದಕ್ಷಿಣ ಅಮೆರಿಕದ ಚಿಲಿಯ ಮರುಭೂಮಿಯಲ್ಲಿ ದೂರದರ್ಶಕಗಳು ಇರುವ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ ಎಂಬ ದೊಡ್ಡ ವೀಕ್ಷಣಾಲಯವೊಂದಿದೆ. ಅಲ್ಲಿನ ನಾಲ್ಕು ದೊಡ್ಡ ದೂರದರ್ಶಕಗಳ ಕನ್ನಡಿ ಒಂದೊಂದೂ ಎಂಟು ಮೀಟರಿಗಿಂತ ಅಗಲ, ನಮ್ಮ ಪಡಸಾಲೆಗಿಂತ ದೊಡ್ಡದು. ಅದರ ಜೊತೆಗೆ ಗ್ರಹಗಳ ಲೆಕ್ಕ ಹಾಕುವುದರಲ್ಲಿ ಪಳಗಿದ ಪ್ಯಾರಿಸ್ ವೀಕ್ಷಣಾಲಯದ ಸಂಸ್ಥೆ, ಜೆಕ್ ದೇಶದ ಖಗೋಳ ಸಂಸ್ಥೆ, ಯುರೋಪಿನ ಖಗೋಳ ಶಿಕ್ಷಕರ ಸಂಘ ಇವೆಲ್ಲ ಕೈಜೋಡಿಸಿ ಒಂದು ಕಾರ್ಯಕ್ರಮ ಹಾಕಿಕೊಂಡಿದ್ದವು. ವಿಟಿ-2004 ಎಂದು ಅದರ ಹೆಸರು. ಶಾಲೆಯ ಮಕ್ಕಳು, ಹವ್ಯಾಸಿಗಳು, ಯಾರು ಬೇಕಾದರೂ ಸೇರಬಹುದು. ಶುಕ್ರ ಸೂರ್ಯನ ಅಂಚನ್ನು ಮುಟ್ಟುವ, ಒಳಗೆ ಸೇರುವ, ಹೊರಗೆ ಬೀಳುವ ಗಳಿಗೆಗಳನ್ನು ನೋಡಿ ಬರೆದು ಕಳಿಸಬೇಕು. ಎಲ್ಲರ ಲೆಕ್ಕ ಕೂಡಿಸಿ ಭೂಮಿಯಿಂದ ಸೂರ್ಯ ಎಷ್ಟು ದೂರ ಎಂಬುದನ್ನು ಅವರು ತೆಗೆಯುತ್ತಾರೆ.

ಈ ಲೆಕ್ಕ ಒಬ್ಬರಿಂದ ಆಗುವಂಥದ್ದಲ್ಲ. ಯಾಕೆಂದು ತಿಳಿಯಬೇಕಾದರೆ ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದಾರ ಸೂಜಿಯ ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ಕಣ್ಣಿಗೆ ಮಾತ್ರ ಸೇರುವುದಿಲ್ಲ. ದೂರ ತಿಳಿಯಲು ಎರಡು ಕಣ್ಣು ಬೇಕು. ಮೂಗಿನ ಮುಂದೆ ಬೆರಳು ಹಿಡಿದು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡಿದರೆ ಬೆರಳು ಹಿಂದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಆಚೀಚೆ ನೆಗೆಯುತ್ತದಲ್ಲ? ಆ ನೆಗೆತದಿಂದಲೇ ದೂರ ಅಳೆಯಬಹುದು. ಬೆರಳಿನ ಜಾಗದಲ್ಲಿ ಶುಕ್ರನನ್ನೂ ಗೋಡೆಯ ಜಾಗದಲ್ಲಿ ಸೂರ್ಯನನ್ನೂ ಇಡಿ. ಕಣ್ಣುಗಳು ಮಾತ್ರ ಭೂಮಿಯ ಎರಡು ದೂರದ ಊರುಗಳಲ್ಲಿರಬೇಕು. ಒಂದೂರಿನವರಿಗೆ ಶುಕ್ರ ಹಾದುಹೋಗುವ ಗೆರೆ ಸ್ವಲ್ಪ ಮೇಲೆ, ಇನ್ನೊಂದೂರಿನವರಿಗೆ ಸ್ವಲ್ಪ ಕೆಳಗೆ. ಹಾಗಾಗಿ ಹಿಡಿಯುವ ಹೊತ್ತಿನಲ್ಲೂ ವ್ಯತ್ಯಾಸ. ಈ ಉಪಾಯವನ್ನು 1716ರಲ್ಲೇ ವಿವರಿಸಿ ಬರೆದವನು ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರು ಕೊಟ್ಟವನು. ತಾನು ಅದನ್ನು ನೋಡಲು ಬದುಕಿರುವುದಿಲ್ಲ ಎಂದು ಗೊತ್ತಿದ್ದೇ ಬರೆದ.

ಶುಕ್ರನ ದಾರಿ ಭೂಮಿಯ ದಾರಿಗೆ ತುಸು ಓರೆ. ಅದಕ್ಕೇ ಬಹಳ ಸಲ ಅದು ಸೂರ್ಯನ ಮೇಲಿಂದಲೋ ಕೆಳಗಿಂದಲೋ ಹಾದುಬಿಡುತ್ತದೆ. ನೇರ ಅಡ್ಡ ಬರುವುದು ಎಂಟು ವರ್ಷದ ಅಂತರದಲ್ಲಿ ಎರಡು ಸಲ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಇಲ್ಲ. 1639ರಲ್ಲಿ ಅದನ್ನು ನೋಡಿದ್ದಾಗಿ ನಮಗೆ ತಿಳಿದಿರುವುದು ಇಬ್ಬರೇ, ಇಂಗ್ಲೆಂಡಿನ ಜೆರೆಮಯ್ಯ ಹೊರಾಕ್ಸ್ ಮತ್ತು ಅವನ ಗೆಳೆಯ ವಿಲಿಯಂ ಕ್ರ್ಯಾಬ್‌ಟ್ರೀ. 1761 ಮತ್ತು 1769ರಲ್ಲಿ ಹ್ಯಾಲಿಯ ಮಾತು ಹಿಡಿದು ಹಲವು ದೇಶಗಳ ಖಗೋಳಜ್ಞರು ಭೂಮಿಯ ಮೂಲೆಮೂಲೆಗೆ ಹೊರಟರು. 1761ರಲ್ಲಿ ಫ್ರಾನ್ಸ್, ಇಂಗ್ಲೆಂಡುಗಳಿಗೆ ಯುದ್ಧ ನಡೆದೇ ಇತ್ತು. ಆದರೂ ಲೆಕ್ಕಕ್ಕೆ ಎರಡೂ ಕಡೆಯವರ ಕಣ್ಣು ಬೇಕಾಗಿತ್ತು.

ಅವರಲ್ಲಿ ಒಬ್ಬನ ಕಥೆ ಓದಿ ನನಗೆ ಕಣ್ಣು ತುಂಬಿತು. ಫ್ರಾನ್ಸಿನ ಲ ಜಾಂತಿ ಎಂಬಾತ 1760ರಲ್ಲಿ ಹಡಗು ಹತ್ತಿದ್ದು ನಮ್ಮ ಪುದುಚೇರಿಗೆ ಬರಲೆಂದು. ಅವನು ಬಂದು ಮುಟ್ಟುವುದರೊಳಗೆ ಊರು ಇಂಗ್ಲಿಷರ ವಶವಾಗಿತ್ತು. ಹಡಗು ತಿರುಗಿತು. ಶುಕ್ರ ಸೂರ್ಯನ ಮೇಲೆ ಹಾಯ್ದ ದಿನ ಅವನು ನಡುಗಡಲಿನಲ್ಲಿ ಓಲಾಡುವ ಹಡಗಿನ ಮೇಲಿದ್ದ. ಕಂಡರೂ ಅಳೆಯಲಾಗಲಿಲ್ಲ. ಎಂಟು ವರ್ಷ ಈ ಕಡೆಯ ಸಮುದ್ರಗಳಲ್ಲಿಯೇ ಕಾದ. ಪುದುಚೇರಿ ಫ್ರೆಂಚರಿಗೆ ಮರಳಿದ ಮೇಲೆ ಬಂದು ವೀಕ್ಷಣಾಲಯ ಕಟ್ಟಿ ಕೂತ. 1769ರ ಜೂನಿನ ಆ ಬೆಳಿಗ್ಗೆ ಮೋಡ ಕವಿಯಿತು. ಶುಕ್ರ ದಾಟಿಹೋದ ಮೇಲೆ ಬಿಸಿಲು ಬಂತು. ಹನ್ನೊಂದು ವರ್ಷದ ಮೇಲೆ ಊರಿಗೆ ಹೋದರೆ ಅವನು ಸತ್ತನೆಂದು ತಿಳಿದು ಆಸ್ತಿ ಹಂಚಿಕೊಳ್ಳಲು ವಾರಸುದಾರರು ಓಡಾಡುತ್ತಿದ್ದರು.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. 1874ರ ಸಂಕ್ರಮಣದ ಸಮಯಕ್ಕೆ ಮದ್ರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರಿ ಎಂಬುವರು ಇದನ್ನು ವಿವರಿಸುವ ಪುಸ್ತಿಕೆಯನ್ನು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತಂದಿದ್ದರು. ನೂರಮೂವತ್ತು ವರ್ಷದ ಹಿಂದೆಯೇ ಒಬ್ಬರಿಗೆ, ಕಂಡದ್ದನ್ನು ಊರವರಿಗೆ ಅವರ ಭಾಷೆಯಲ್ಲಿ ಹೇಳಬೇಕು ಎನಿಸಿತ್ತು.

ಮಗಳು ಇವನ್ನೆಲ್ಲ ಕನ್ನಡಕ್ಕೆ ಇಳಿಸಿದಳು. ನಮ್ಮೂರಲ್ಲಿ ಆಗಷ್ಟೇ ತೆರೆದಿದ್ದ ಸೈಬರ್ ಕೆಫೆಗೆ ಎರಡು ಸಲ ಹೋಗಿ ಬಂದಳು. ಸೈನ್ಯದಿಂದ ನಿವೃತ್ತರಾದ ನೆರೆಯವರೊಬ್ಬರ ದುರ್ಬೀನು ಕೇಳಿ ತಂದು, ಅದರ ಒಂದು ಕಣ್ಣು ಮುಚ್ಚಿ, ರಟ್ಟಿನ ಡಬ್ಬಿಯೊಳಗೆ ಬಿಳಿಯ ಹಾಳೆ ಅಂಟಿಸಿ, ಸೂರ್ಯನ ಬಿಂಬ ಹಾಳೆಯ ಮೇಲೆ ಬೀಳುವಂತೆ ಮಾಡಿದಳು. ಸೂರ್ಯನನ್ನು ಬರಿಗಣ್ಣಿನಿಂದಾಗಲಿ ದುರ್ಬೀನಿನೊಳಗಿಂದಾಗಲಿ ನೇರ ನೋಡಿದರೆ ಕಣ್ಣೇ ಹೋದೀತು. ಹಾಳೆಯ ಮೇಲೆ ಬಿದ್ದದ್ದನ್ನು ನೋಡಿದರೆ ಏನೂ ಆಗದು. ಹೊರಾಕ್ಸ್ ಕೂಡ ಹಾಗೆಯೇ ಕಾಗದದ ಮೇಲೆ ನೋಡಿದ್ದನಂತೆ.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಸಹಜವಾಗಿ ಕೇಳಿದಳು: “ನಾಳೆ ಎಷ್ಟು ಗಂಟೆಕ್ಕ ಹೋಗೂಣವ್ವಾ?”

ನನ್ನ ಕೈ ತುತ್ತಿನ ಮೇಲೆ ನಿಂತಿತು. “ನೀ ಯಾಕ ಬರ್ತಿ ಬಿಸಲಾಗ? ಅಷ್ಟು ದೂರ ನಡೀಬಾರದು. ಹುಡುಗ್ಯಾರು ಚಿತ್ರ ಬರೀತಾರ, ತಂದು ತೋರಿಸ್ತೀನಿ.”

ಅವಳು ನನ್ನ ಮುಖ ನೋಡಿದಳು. ನಾನು ಸಾರು ಬಡಿಸಲು ಎದ್ದೆ. ಶಾಲೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಅವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ ಅವಳು ಸಂತೆಗೆ ಹೋಗಿ ಬಂದಿದ್ದಳು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ವಾದಿಸಲಿಲ್ಲ. ಡಬ್ಬಿಯನ್ನು ನನ್ನ ಚೀಲದಲ್ಲಿ ಜೋಪಾನವಾಗಿಟ್ಟು, ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟಳು, ಅಷ್ಟೆ.

ಬೆಳಿಗ್ಗೆ ರೇಡಿಯೋ ವಾರ್ತೆಗೆ ಗಡಿಯಾರ ಸರಿಮಾಡಿಕೊಂಡು ಹೊರಟೆ. ಮಳೆಗಾಲ ಹಿಡಿಯುವ ದಿನಗಳು. ಮೋಡ ಬರುವುದು, ಸರಿಯುವುದು. ಬಯಲಿನಲ್ಲಿ ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತರು. ಒಬ್ಬಳು ಗಡಿಯಾರ ಹಿಡಿದಳು, ಒಬ್ಬಳು ನೋಟುಬುಕ್ಕು. ಹಾಳೆಯ ಮೇಲೆ ಸಣ್ಣ ನಿಪ್ಪಟ್ಟಿನಷ್ಟು ಸೂರ್ಯ. ಹತ್ತೂಮುಕ್ಕಾಲು ದಾಟಿದ ಮೇಲೆ ಅದರ ಅಂಚನ್ನು ಯಾರೋ ಉಗುರಿನಿಂದ ಚಿವುಟಿದ ಹಾಗೆ ಕಂಡಿತು. “ಟೀಚರ್, ಬಂತ್ರಿ!” ಎಂದು ಹುಡುಗಿಯರು ಕಿರುಚಿದರು. ಮುಟ್ಟಿದ ಗಳಿಗೆ ಕೈತಪ್ಪಿತ್ತು, ಒಳಗೆ ಸೇರುವ ಗಳಿಗೆಗೆ ಉಸಿರು ಹಿಡಿದು ಕಾದೆವು. ಪೂರ್ತಿ ಒಳಗೆ ಬಂದರೂ ಆ ಕರಿಚುಕ್ಕಿ ಅಂಚನ್ನು ಬಿಡಲೊಲ್ಲದು. ಬೆಲ್ಲದ ಪಾಕ ಎಳೆಗೆ ಬಂದಾಗ ಸೌಟಿನಿಂದ ಹನಿ ಬೀಳುವುದನ್ನು ನೋಡಿದ್ದೀರಲ್ಲ? ಹನಿ ಕೆಳಗಿಳಿದರೂ ಎಳೆ ಸೌಟಿಗೇ ಅಂಟಿರುತ್ತದೆ. ಹಾಗೆ. 1769ರವರ ಲೆಕ್ಕ ಕೆಡಿಸಿದ್ದೂ ಇದೇ. ಹನ್ನೊಂದು ದಾಟಿ ಕೆಲವು ನಿಮಿಷಕ್ಕೆ ಎಳೆ ಹರಿಯಿತು. ನಾನು “ಈಗ!” ಎಂದೆ. ಹುಡುಗಿ ಗಂಟೆ, ನಿಮಿಷ, ಸೆಕೆಂಡು ಬರೆದಳು. ನಿಪ್ಪಟ್ಟಿನ ಮೇಲೆ ಒಂದು ಸಾಸಿವೆ ಕಾಳು. ಅಜ್ಜಿಯ ಬೆಳ್ಳಿಚುಕ್ಕಿ!

ಸುದ್ದಿ ಹಬ್ಬಿ ಓಣಿಯವರು ಬರತೊಡಗಿದರು. ಕಾಯಿಪಲ್ಯ ಮಾರುವ ಹೆಂಗಸೊಬ್ಬಳು ಗೇಟಿನ ಹತ್ತಿರ ಬುಟ್ಟಿ ಇಳಿಸಿ ನಿಂತಿದ್ದಳು. ಎಲ್ಲರೂ ನೋಡಿ ಸರಿದ ಮೇಲೆ ಮೆಲ್ಲಗೆ ಬಂದು ಕೇಳಿದಳು: “ಅಕ್ಕಾರ, ನಾ ಬಸುರಿ ಅದೀನ್ರಿ. ನೋಡಿದ್ರ ನಡಿತೈತೇನ್ರಿ?”

“ಧಾರಾಳ ನೋಡವಾ. ಏನೂ ಆಗೂದಿಲ್ಲ. ಇದು ಬರೀ ನೆರಳು” ಎಂದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಹೇಳಿದ ಮಾತು, ತಾನಾಗಿ ಬಾಯಿಗೆ ಬಂತು. ಅವಳು ಸೆರಗು ಬಿಗಿ ಮಾಡಿಕೊಂಡು ಬಗ್ಗಿದಳು. ಬಗ್ಗಿದವಳ ಬೆನ್ನು ನೋಡುತ್ತ ನಿಂತ ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಯಾರದೋ ಮಗಳಿಗೆ ಧಾರಾಳ. ನನ್ನ ಮಗಳಿಗೆ? ಆ ಡಬ್ಬಿ ಮಾಡಿದವಳೇ ಅವಳು.

ಜೊತೆಯ ಶಿಕ್ಷಕಿಗೆ ಹೇಳಿ ಮನೆಗೆ ಓಡಿದೆ. ಮಗಳು ಪಡಸಾಲೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು. “ಏಳು, ಹೋಗೂಣು” ಎಂದೆ. ಒಳಗಿನಿಂದ ಅತ್ತೆಯ ದನಿ ಬಂತು: “ಎಲ್ಲಿಗೆ? ತುಂಬಿದ ಬಸುರಿನ್ನ ಎಲ್ಲಿಗೆ ಎಳಕೊಂಡು ಹೊಂಟಿ?” ಎಂಬತ್ತು ದಾಟಿದ ಮುದುಕಿ. ನನ್ನ ಬಾಯಿ ಮತ್ತೆ ಉಗ್ರಾಣದ ಕೋಣೆಯ ಬಾಯಿಯಾಯಿತು.

ಆಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಗೆ ಹಿಟ್ಟು ಮೆತ್ತಿತ್ತು. ಯಾರ ಮುಖವನ್ನೂ ನೋಡದೆ ಹೇಳಿದರು: “ಕರಕೊಂಡು ಹೋಗು ತಂಗಿ. ನಾ ಯಾವ ಗ್ರಹಣಾ ನೋಡಿದ್ದೆ? ಬಾಗಲಾ ಹಾಕ್ಕೊಂಡು ಕತ್ತಲ್ಯಾಗ ಕುಂತಿದ್ದೆ. ಕಾಯಿ ಹೆಚ್ಚೂದು ದೂರ ಉಳೀತು, ನೀರ ಸೈತ ಕುಡೀಲಿಲ್ಲ. ಆದ್ರೂ ಅಂದ್ರು. ನೋಡದಾಕಿಗೂ ಅಂತಾರ, ನೋಡಿದಾಕಿಗೂ ಅಂತಾರ. ಇವಳು ನೋಡೇ ಅನಿಸಿಕೊಳ್ಳಲಿ ಬಿಡು.”

ಮೂವತ್ತು ವರ್ಷದಲ್ಲಿ ಅಕ್ಕ ಆ ವಿಷಯ ಆಡಿದ್ದು ಅದೇ ಮೊದಲು. ಅತ್ತೆ ಮತ್ತೆ ಮಾತಾಡಲಿಲ್ಲ. ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ನಾವು ಬಯಲಿಗೆ ಬರುವಷ್ಟರಲ್ಲಿ ಮೋಡ ಮುಚ್ಚಿತ್ತು. ಹಾಳೆ ಬರೀ ಹಾಳೆ. ಹನ್ನೆರಡಾಯಿತು, ಎರಡಾಯಿತು. ಹುಡುಗಿಯರು ಮಗಳಿಗೆ ಕುರ್ಚಿ ಹಾಕಿ, ಕೊಡೆ ಹಿಡಿದು, ಶೇಂಗಾ ತಂದುಕೊಟ್ಟು ಉಪಚಾರ ಮಾಡಿದರು. ಅವಳು ಅವರಿಗೆ ಲ ಜಾಂತಿಯ ಕಥೆ ಹೇಳಿದಳು. ನಾನು ಕೇಳುತ್ತ ಕೂತೆ. ಅವನಿಗೆ ಮೋಡ ಅಡ್ಡ ಬಂತು, ನನ್ನ ಮಗಳಿಗೆ ಅಡ್ಡ ಬಂದದ್ದು ನಾನು. ನಾಲ್ಕು ದಾಟಿದ ಮೇಲೆ ಮೋಡ ಹರಿದು ಎರಡು ನಿಮಿಷ ಬಿಸಿಲು ಬಿತ್ತು. ಮಗಳು ಬಗ್ಗಲಾರದೆ ಬಗ್ಗಿ, ಹೊಟ್ಟೆಗೆ ಒಂದು ಕೈ ಕೊಟ್ಟು ನೋಡಿದಳು. ಸಾಸಿವೆ ಕಾಳು ಇನ್ನೊಂದು ಅಂಚಿಗೆ ಬಂದಿತ್ತು. ಅದು ಅಂಚು ಮುಟ್ಟುವ ಗಳಿಗೆಯನ್ನು ಮೋಡ ನುಂಗಿತು. ನಮಗೆ ದಕ್ಕಿದ್ದು ಬೆಳಗಿನ ಒಂದೇ ಒಂದು ಗಳಿಗೆ. ಅದನ್ನೇ ಮಗಳು ಸೈಬರ್ ಕೆಫೆಯಿಂದ ಕಳಿಸಿದಳು.

ಆಗಸ್ಟಿನಲ್ಲಿ ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ನಾನು ಸೀಳುತುಟಿಯ ಬಗ್ಗೆ ಕೇಳಿದೆ. ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಬಸುರಿನ ಎರಡನೆಯ ತಿಂಗಳು ಮುಗಿಯುವುದರೊಳಗೆ ಎಂದರು. ವಂಶದಿಂದ ಬಂದ ಗುಣ, ಕೆಲವು ಔಷಧಿ, ಪೋಷಣೆಯ ಕೊರತೆ ಹೀಗೆ ಕಾರಣ ಹಲವು ಇರಬಹುದು. ಆದರೆ ಏಳನೆಯ ತಿಂಗಳಲ್ಲಿ ಏನು ನೋಡಿದರೂ, ಏನು ಹೆಚ್ಚಿದರೂ ಕೂಡಿಕೊಂಡ ತುಟಿ ಸೀಳುವುದಿಲ್ಲ. ಮಂಚದ ಪಕ್ಕದಲ್ಲಿ ಕೂತಿದ್ದ ಅಕ್ಕ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ ನನ್ನನ್ನು ಕೇಳಿದರು: “ಇದು ಆವಾಗ ಯಾರಿಗೂ ಗೊತ್ತಿದ್ದಿಲ್ಲೇನು?”

ಗೊತ್ತಿತ್ತು. ಡಾಕ್ಟರುಗಳಿಗೆ ಗೊತ್ತಿತ್ತು, ಪುಸ್ತಕಗಳಲ್ಲಿತ್ತು. ನಮ್ಮ ಓಣಿಗೆ ಬಂದಿರಲಿಲ್ಲ. 1980ರಲ್ಲಿ ಗ್ರಹಣ ನೋಡಲು ಬಂದವರಿಗೂ ಎಲ್ಲ ಗೊತ್ತಿತ್ತು. ಅವರು ತಮ್ಮ ಕೆಲಸ ಶ್ರದ್ಧೆಯಿಂದ ಮಾಡಿ, ಪೆಟ್ಟಿಗೆ ಕಟ್ಟಿಕೊಂಡು ಹೋದರು. ಅವರ ಡೇರೆಗಳಿಂದ ನನ್ನ ಗೋಣಿಚೀಲದ ಕಿಟಕಿಗೆ ದಾರಿ ಇರಲಿಲ್ಲ, ಅಷ್ಟೆ. ಅಷ್ಟು ದೂರದ ಸೂರ್ಯನನ್ನು ಮುಟ್ಟುವುದಕ್ಕಿಂತ ಒಂದು ಓಣಿ ದಾಟುವುದು ಕಷ್ಟ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆ ವರ್ಷದ ಕೊನೆಗೆ ಯುರೋಪಿನವರ ಲೆಕ್ಕ ಬಂತು. 1,510 ಕಡೆಗಳಿಂದ 4,550 ಗಳಿಗೆಗಳು ಬಂದಿದ್ದವಂತೆ. ಎಲ್ಲವನ್ನೂ ಕೂಡಿಸಿ ತೆಗೆದ ಸೂರ್ಯನ ದೂರ 14 ಕೋಟಿ 96 ಲಕ್ಷದ 8 ಸಾವಿರದ 708 ಕಿಲೋಮೀಟರು. ಹೆಚ್ಚು ಕಡಿಮೆಯಾದರೆ ಹನ್ನೆರಡು ಸಾವಿರ ಕಿಲೋಮೀಟರಿನೊಳಗೆ. ವಿಜ್ಞಾನಿಗಳು ಒಪ್ಪಿದ ಅಂಕಿ 14 ಕೋಟಿ 95 ಲಕ್ಷದ 97 ಸಾವಿರದ 870. ವ್ಯತ್ಯಾಸ ಹನ್ನೊಂದು ಸಾವಿರ ಕಿಲೋಮೀಟರೂ ಇಲ್ಲ! ಶಾಲೆಯ ಹುಡುಗ ಹುಡುಗಿಯರು, ಮಾಸ್ತರರು, ಹವ್ಯಾಸಿಗಳು ಕೂಡಿ ಮಾಡಿದ ಲೆಕ್ಕ ಇದು. ನಮ್ಮದು ಆ ನಾಲ್ಕೂವರೆ ಸಾವಿರದಲ್ಲಿ ಒಂದು.

ನಿಜ ಹೇಳಬೇಕೆಂದರೆ ಆ ದೊಡ್ಡ ವೀಕ್ಷಣಾಲಯಗಳಿಗೆ ನಮ್ಮ ಅಂಕಿ ಬೇಕಿರಲಿಲ್ಲ. ರೇಡಾರಿನ ಅಲೆಗಳನ್ನು ಶುಕ್ರನಿಗೆ ತಾಗಿಸಿ ಆ ದೂರವನ್ನು 1960ರ ದಶಕದಲ್ಲೇ ಕರಾರುವಾಕ್ಕಾಗಿ ಅಳೆದಿದ್ದರು. ಗೊತ್ತಿದ್ದೂ ಕೇಳಿದರು. ಮಗಳ ಕೈಗೆ ಹಿಟ್ಟಿನ ಉಂಡೆ ಕೊಟ್ಟು “ನೀನೂ ಒಂದು ರೊಟ್ಟಿ ಬಡಿ” ಎನ್ನುವ ತಾಯಿಗೆ ರೊಟ್ಟಿಯ ಕೊರತೆಯೇನೂ ಇರುವುದಿಲ್ಲವಲ್ಲ! ಆದರೆ ಬಡಿದವಳಿಗೆ ಅದು ಬೇರೆಯೇ. ನನ್ನ ಬದುಕಿನಲ್ಲಿ ಹೊತ್ತು ಎಷ್ಟಾಯಿತು ಎಂದು ನನ್ನನ್ನು ಕೇಳಿದವರು ಅಡುಗೆಗೆ ಕೇಳಿದ್ದಾರೆ, ಬಸ್ಸಿಗೆ ಕೇಳಿದ್ದಾರೆ. “ನೀನು ಏನು ಕಂಡೆ, ಯಾವ ಗಳಿಗೆಗೆ ಕಂಡೆ, ನಮಗೆ ಹೇಳು” ಎಂದು ಕೇಳಿದ್ದು ಅದೊಂದೇ ಸಲ. ಗಡಿಯಾರ ಹಿಡಿದಿದ್ದ ಹುಡುಗಿ ಈಗ ತಾನೇ ಶಿಕ್ಷಕಿಯಾಗಿದ್ದಾಳೆ. ಆ ಸೆಕೆಂಡು ಅವಳಿಗೆ ಇವತ್ತಿಗೂ ಬಾಯಿಪಾಠ.

ಆಮೇಲೆ ಇಂಥ ಕೂಡುಗೆಲಸ ಬೆಳೆಯಿತು. ಗೆಲಿಲಿಯೋ ದೂರದರ್ಶಕ ಹಿಡಿದು ಆಕಾಶ ನೋಡಿ ನಾನೂರು ವರ್ಷವಾದ 2009ನ್ನು ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಖಗೋಳ ವರ್ಷವೆಂದು ಆಚರಿಸಿದವು. 148 ದೇಶಗಳು ಸೇರಿದವು. ಆ ಏಪ್ರಿಲಿನಲ್ಲಿ ಒಂದು ಇಡೀ ದಿನ, ಇಪ್ಪತ್ತನಾಲ್ಕು ಗಂಟೆ, ಭೂಮಿಯ ಸುತ್ತಲಿನ ದೊಡ್ಡ ವೀಕ್ಷಣಾಲಯಗಳು ಒಂದಾದ ಮೇಲೊಂದು ತಮ್ಮ ಬಾಗಿಲು ತೆರೆದು ಇಂಟರ್‌ನೆಟ್ಟಿನಲ್ಲಿ ಒಳಗಿನ ಕೆಲಸ ತೋರಿಸಿದವು. ಖಗೋಳಶಾಸ್ತ್ರದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆಂದೇ ಒಂದು ಕಾರ್ಯಕ್ರಮವೂ ಇತ್ತು. ನಮ್ಮ ನಾಡಿನಲ್ಲೂ ಇಂಥ ಆಶ್ಚರ್ಯವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ನನ್ನ ಹುಡುಗಿಯರಿಗೆ ಇದನ್ನು ಹೇಳಿದಾಗಲೆಲ್ಲ ತರಗತಿ ಒಂದು ಗಳಿಗೆ ಸುಮ್ಮನಾಗುತ್ತಿತ್ತು.

2012ರ ಜೂನ್ 6ರ ಬೆಳಿಗ್ಗೆ ಶುಕ್ರ ಮತ್ತೆ ಅಡ್ಡ ಬಂತು. ಇನ್ನು ಬರುವುದು 2117ರ ಡಿಸೆಂಬರಿಗೆ. ನಾವ್ಯಾರೂ ಇರುವುದಿಲ್ಲ. ಸೂರ್ಯ ಹುಟ್ಟುವಾಗಲೇ ಚುಕ್ಕಿ ಅವನ ಮೇಲಿತ್ತು. ಅತ್ತೆ ತೀರಿಕೊಂಡು ಆಗ ಮೂರು ವರ್ಷ. ಮಗಳು ಬೆಂಗಳೂರಿನಿಂದ ಅದಕ್ಕೆಂದೇ ಬಂದು, ಅದೇ ರಟ್ಟಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಮಾಳಿಗೆಯ ಮೇಲೆ ಹೂಡಿದಳು. ಎಂಟಕ್ಕೆ ಬೀಳುತ್ತಿದ್ದ ಮೊಮ್ಮಗಳು ಕೆಳಗೋಡಿ, “ದೊಡ್ಡಜ್ಜೀ, ಬಾ” ಎಂದು ಅಕ್ಕನ ಬೆನ್ನು ಹತ್ತಿದಳು. ಅಕ್ಕನಿಗೆ ಮೊಣಕಾಲು ನೋವು. ಮಾಳಿಗೆ ಹತ್ತಿ ಎಷ್ಟೋ ವರ್ಷವಾಗಿತ್ತು. ಮಗನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅವನಿಗಾಗಲೇ ನಲವತ್ತು. ಮೀಸೆಯ ಕೆಳಗೆ ಆ ಗೆರೆ ಈಗ ಹುಡುಕಿದರೆ ಮಾತ್ರ ಕಾಣುತ್ತಿತ್ತು.

ಬಿಳಿಯ ಹಾಳೆಯ ಮೇಲೆ ಸೂರ್ಯ, ಸೂರ್ಯನ ಮೇಲೆ ಕರಿಯ ಸಾಸಿವೆ. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ತೋರುಬೆರಳು ಚಾಚಿದರು. ಚುಕ್ಕಿ ಅವರ ಉಗುರಿನ ಮೇಲೆ ಬಿತ್ತು. ಬೆರಳು ಹಿಂತೆಗೆದರೆ ಹಾಳೆಯ ಮೇಲೆ, ಚಾಚಿದರೆ ಉಗುರಿನ ಮೇಲೆ. ಎರಡು ಮೂರು ಸಲ ಹಾಗೆ ಮಾಡಿ ನೋಡಿದರು.

“ಇಷ್ಟ ಏನು?” ಎಂದರು.

ಯಾರಿಗೂ ಉತ್ತರ ಹೊಳೆಯಲಿಲ್ಲ. ಮಗ ಅವರನ್ನು ಕೈಹಿಡಿದು ಕೆಳಗಿಳಿಸಿದ.